ಎಲೆ ತೂತಾಗಲಿ ಬಿಡಿ

ಕುಂಡದ ಕರಿಬೇವಿನ ಚಿಗುರೆಲೆಯನ್ನೊಮ್ಮೆ ಮಗುಚಿ ನೋಡಿ. ಸಾಸಿವೆಗಿಂತ ಚಿಕ್ಕದಾದ, ತಿಳಿಹಳದಿ ಬಣ್ಣದ ಒಂದು ಉಂಡೆ ಅಂಟಿಕೊಂಡಿದ್ದರೆ ಅದು ಚಿಟ್ಟೆಯ ಮೊಟ್ಟೆ. ಮೂರ್ನಾಲ್ಕು ದಿನ ಕಳೆದರೆ ಅದೇ ಎಲೆಯ ಮೇಲೆ ಹಕ್ಕಿ ಹಿಕ್ಕೆ ಹಾಕಿದ ಹಾಗೆ ಏನೋ ಕಾಣುತ್ತದೆ. ಕಂದು ಮೈ, ನಡುವೆ ಬಿಳಿ ಮಚ್ಚೆ. ಹಿಕ್ಕೆಯನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲವಲ್ಲ, ಆ ಮರಿಹುಳಕ್ಕೆ ಅದೇ ರಕ್ಷೆ. ನಾಲ್ಕು ಸಲ ಪೊರೆ ಕಳಚಿದ ಮೇಲೆ ಬಣ್ಣ ಬದಲಾಗಿ ಎಲೆಗೆ ಎಲೆಯೇ ಆಗಿಬಿಡುತ್ತದೆ. ಆಗ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಹೊರಚಾಚಿ ಘಾಟು ಬಿಡುತ್ತದೆ. ಎರಡು ವಾರ ತಿಂದು ಕೋಶ ಕಟ್ಟಿದರೆ, ಮತ್ತೆ ಹತ್ತು ಹನ್ನೆರಡು ದಿನಕ್ಕೆ ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಹೊರಗೆ ಬರುತ್ತದೆ. ಬೆಂಗಳೂರಿನ ಎಷ್ಟೋ ಬಾಲ್ಕನಿಗಳಲ್ಲಿ ಕಥೆ ಅಲ್ಲಿಯವರೆಗೆ ಹೋಗುವುದೇ ಇಲ್ಲ. ಒಂದನೇ ವಾರದಲ್ಲೇ ‘ಗಿಡಕ್ಕೆ ಹುಳ ಬಿದ್ದಿದೆ’ ಎಂದು ಯಾರೋ ಔಷಧಿ ಹೊಡೆದಿರುತ್ತಾರೆ.

ಬಡಾವಣೆಯ ಪಾರ್ಕಿನಲ್ಲಿ, ಅಪಾರ್ಟ್‌ಮೆಂಟಿನ ಕಾಂಪೌಂಡಿನ ಅಂಚಿನಲ್ಲಿ, ತಾರಸಿ ತೋಟದವರ ವಾಟ್ಸಾಪ್ ಗುಂಪುಗಳಲ್ಲಿ ನಾಟಿ ಗಿಡ ಹಂಚುತ್ತಾ ಓಡಾಡುವ ಸ್ವಯಂಸೇವಕರು ಎದುರಿಸುವ ಮೊದಲ ಸಮಸ್ಯೆಯೇ ಇದು. ಸಸಿ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಚಿಟ್ಟೆ ಬೇಕೇ ಎಂದು ಕೇಳಿದರೆ ಮಕ್ಕಳು ಮರಿಗಳೆಲ್ಲ ಕೈ ಎತ್ತುತ್ತಾರೆ. ಹುಳ ಬೇಕೇ ಎಂದರೆ ಮಾತ್ರ ಸಭೆ ತಣ್ಣಗಾಗುತ್ತದೆ. ಇದಕ್ಕೆ ಕಾರಣ ನುಗ್ಗೆಮರ. ಮಳೆಗಾಲದಲ್ಲಿ ನುಗ್ಗೆಯ ಬೊಡ್ಡೆಗೆ ಗುಂಪುಗುಂಪಾಗಿ ಮೆತ್ತಿಕೊಳ್ಳುವ ಕಂಬಳಿಹುಳು ಒಮ್ಮೆ ಮೈಗೆ ತಾಗಿದವರು ಜೀವಮಾನದಲ್ಲಿ ಯಾವ ಹುಳವನ್ನೂ ನಂಬುವುದಿಲ್ಲ. ಅದು ಪತಂಗದ ಮರಿ, ಅದರ ಕೂದಲು ನಿಜವಾಗಿಯೂ ಕಡಿತ ತರುತ್ತದೆ, ಅದನ್ನು ಪ್ರೀತಿಸಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಆದರೆ ಕರಿಬೇವು, ನಿಂಬೆ, ಎಕ್ಕ, ತಂಗಡಿಯ ಮೇಲೆ ಸಿಗುವ ಚಿಟ್ಟೆಮರಿಗಳಿಗೆ ಆ ಬಗೆಯ ಕೂದಲಿಲ್ಲ. ಇಷ್ಟು ವ್ಯತ್ಯಾಸವನ್ನು ಒಂದು ಎಲೆ ಕೈಯಲ್ಲಿ ಹಿಡಿದು ತೋರಿಸಿದರೆ ಅರ್ಧ ಗಂಟೆಯ ಭಾಷಣ ಉಳಿಯುತ್ತದೆ.

ಎರಡನೇ ಗೊಂದಲ ಹೂವಿನದು. ‘ಚಿಟ್ಟೆ ತೋಟ’ ಎಂಬ ಹೆಸರಿನಲ್ಲಿ ಪಾರ್ಕಿನ ಗುತ್ತಿಗೆದಾರರು ಸಾಮಾನ್ಯವಾಗಿ ತಂದು ನೆಡುವುದು ಲಂಟಾನ, ಡುರಾಂಟ, ಪೆಂಟಾಸ್, ನಡುವೆ ಲಾನ್. ಚಿಟ್ಟೆಗಳು ಬರುತ್ತವೆ, ಸುಳ್ಳಲ್ಲ. ಹಾಲು ಕುಡಿಯಲು ಹೋಟೆಲಿಗೆ ಬಂದವರು ಅಲ್ಲೇ ಸಂಸಾರ ಹೂಡುವುದಿಲ್ಲ, ಅಷ್ಟೆ. ಮಕರಂದ ಯಾವ ದೇಶದ ಹೂವಿನದಾದರೂ ನಡೆದೀತು. ಮೊಟ್ಟೆ ಇಡುವುದಕ್ಕೆ ಮಾತ್ರ ಪ್ರತಿ ಚಿಟ್ಟೆಗೂ ತನ್ನದೇ ಗಿಡ ಬೇಕು. ನಾಟಿ ಎಂಬ ಮಾತಿಗೆ ಇಲ್ಲಿ ಬೆಲೆ ಬರುವುದು ಈ ಕಾರಣಕ್ಕೆ, ದೇಶಾಭಿಮಾನಕ್ಕಲ್ಲ. ಜರ್ಮನಿಯ ಉದ್ಯಾನತಜ್ಞ ಕ್ರುಂಬೀಗಲ್ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ವರ್ಷವಿಡೀ ಒಂದಲ್ಲ ಒಂದು ಮರ ಹೂಬಿಡುತ್ತಿರಬೇಕು ಎಂದು ಈ ಊರಿನ ರಸ್ತೆಗಳಿಗೆ ಮರ ಆರಿಸಿದರು. ಮಡಗಾಸ್ಕರಿನ ಗುಲ್ಮೊಹರ್, ದಕ್ಷಿಣ ಅಮೆರಿಕದ ಜಕರಂದ, ಟಬೆಬುಯಾ ಈಗ ಬೆಂಗಳೂರಿನ ಗುರುತೇ ಆಗಿವೆ. ಅವನ್ನು ಕಡಿಯಿರಿ ಎನ್ನುವ ಅತಿರೇಕದವರೂ ಇದ್ದಾರೆ, ಅವರ ಜತೆ ವಾದಕ್ಕಿಳಿಯಬಾರದು. ಮರದ ಕೆಳಗಿನ ಎರಡಡಿ ಮಣ್ಣು ಸಿಕ್ಕರೆ ಸಾಕು. ನಿಜವಾಗಿ ದೂರವಿಡಬೇಕಾದ ಮರ ಒಂದಿದೆ: ಪಾರ್ಕುಗಳಲ್ಲಿ ಕಾಣುವ, ಕಿತ್ತಳೆಗೆಂಪು ಹೂವಿನ ನೀರುಕಾಯಿ ಮರ. ಆಫ್ರಿಕಾ ಮೂಲದ ಈ ಮರದ ಹೂವಿನೊಳಗೆ ಚುಚ್ಚದ ಜಾತಿಯ ಜೇನುಗಳು ಸತ್ತುಬಿದ್ದಿರುವುದು ಬ್ರೆಜಿಲ್‌ನಲ್ಲಿ ದಾಖಲಾಗಿದೆ. ನಮ್ಮ ಮುಜಂಟಿಯೂ ಆ ಬಳಗದ್ದೇ. ಹೊಸದಾಗಿ ಅದನ್ನು ನೆಡುವುದು ಬೇಡ.

ಹಾಗಾದರೆ ಯಾವುದನ್ನು ನೆಡಬೇಕು? ಮೊದಲ ಹೆಸರು ಎಕ್ಕ. ಮನೆ ಹಾಳಾಗಲಿ ಎಂದು ಶಪಿಸುವಾಗ ‘ಎಕ್ಕುಟ್ಟೋಗ’ ಅನ್ನುತ್ತಾರಲ್ಲ, ಎಕ್ಕ ಹುಟ್ಟಿದ ಜಾಗ ಪಾಳುಬಿದ್ದ ಜಾಗ ಎಂಬ ಲೆಕ್ಕ ಅದು. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಇವತ್ತಿಗೂ ಅದೇ ಲೆಕ್ಕ. ಆ ಎಕ್ಕದ ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ, ಮೈಮೇಲೆ ಮೂರು ಜೊತೆ ಕಪ್ಪು ದಾರದಂಥ ಮೀಸೆಗಳಿರುವ ಹುಳ ಸಿಕ್ಕರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ಹಾಲಿನ ವಿಷವನ್ನು ಮೈಗೂಡಿಸಿಕೊಂಡು ತಾನೇ ವಿಷವಾಗುವುದರಿಂದ ಹಕ್ಕಿಗಳು ಅದರ ತಂಟೆಗೆ ಬರುವುದಿಲ್ಲ. ಹೂವಿನ ವ್ಯವಹಾರ ಇನ್ನೂ ವಿಚಿತ್ರ. ಎಕ್ಕದ ಪರಾಗ ಪುಡಿಯಾಗಿ ಉದುರುವುದಿಲ್ಲ. ಎರಡೆರಡು ಗಂಟಾಗಿ, ನಡುವೆ ಕೊಂಡಿಯೊಂದಿಗೆ ಹೂಕಿರೀಟದ ಸಂದಿಯಲ್ಲಿ ಕೂತಿರುತ್ತದೆ. ದೊಡ್ಡ ಕರಿದುಂಬಿ ಕಾಲೂರಿ ಕೂತು ಎಳೆದುಕೊಂಡಾಗ ಕೊಂಡಿ ಅದರ ಕಾಲಿಗೆ ಸಿಕ್ಕಿ ಗಂಟುಸಮೇತ ಹೊರಟುಹೋಗುತ್ತದೆ. ಸಣ್ಣ ಜೇನಿಗೆ ಆ ಬಲವಿಲ್ಲ. ಆದ್ದರಿಂದ ಎಕ್ಕ ನೆಟ್ಟವರು ದುಂಬಿಗೆ ಮನೆಯನ್ನೂ ಉಳಿಸಬೇಕು, ಅಂದರೆ ಒಣಗಿದ ಮರದ ತುಂಡು ಅಥವಾ ಹಳೇ ಬಿದಿರು. ಒಂದು ಎಚ್ಚರಿಕೆ: ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಮಕ್ಕಳ ಜಾರುಬಂಡೆಯ ಪಕ್ಕ ನೆಡಬೇಡಿ, ಕತ್ತರಿಸುವಾಗ ಕೈಗವಸು ಇರಲಿ, ಅಕಸ್ಮಾತ್ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆದು ಕಣ್ಣಿನ ವೈದ್ಯರ ಬಳಿ ಹೋಗಿ.

ತಂಗಡಿ, ಅಥವಾ ಆವರಿಕೆ, ಇನ್ನೊಂದು ಬಗೆ. ಅದರ ಹಳದಿ ಹೂವಿನಲ್ಲಿ ಮಕರಂದವೇ ಇಲ್ಲ. ಇರುವುದು ಪರಾಗ, ಅದೂ ಮುಚ್ಚಿದ ಕೊಳವೆಯೊಳಗೆ; ತುದಿಯಲ್ಲಿ ಸೂಜಿಮೊನೆಯಷ್ಟು ಕಿಂಡಿ. ಬೆಳಗಿನ ಹೊತ್ತು ಪಕ್ಕದಲ್ಲಿ ನಿಂತು ಕಿವಿಗೊಟ್ಟರೆ ದುಂಬಿ ಹಾರಿ ಬರುವಾಗಿನ ಗುಂಯ್ ಕೇಳಿ, ಕೂತ ಮೇಲೆ ಅದಕ್ಕಿಂತ ಎತ್ತರದ ಝೀಂ ಎಂಬ ದನಿ ಬಿಟ್ಟು ಬಿಟ್ಟು ಬರುತ್ತದೆ. ಕೇಸರವನ್ನು ಕಚ್ಚಿ ಹಿಡಿದು, ರೆಕ್ಕೆ ಆಡಿಸದೆ ಎದೆಯ ಸ್ನಾಯುವನ್ನಷ್ಟೇ ನಡುಗಿಸಿದಾಗ ಕಿಂಡಿಯಿಂದ ಪರಾಗ ಚಿಮ್ಮುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟಿಗಳಿರುವ ಒಂಟಿಜೇನಿಗೂ ಈ ವಿದ್ಯೆ ಗೊತ್ತು. ಪೆಟ್ಟಿಗೆಯಲ್ಲಿ ಸಾಕುವ ತುಡುವೆಗೆ ಗೊತ್ತಿಲ್ಲ. ತಾರಸಿ ತೋಟದವರನ್ನು ಒಲಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ವಿಷಯ ಸಿಗದು, ಏಕೆಂದರೆ ಟೊಮೆಟೊ, ಬದನೆ ಹೂವಿಗೂ ಇದೇ ಬೀಗ. ಗಿಡವೇನೋ ಸೊಂಪಾಗಿದೆ, ಹೂವು ಉದುರುತ್ತಿದೆ ಎಂದು ಕೊರಗುವವರಿಗೆ ಬಿಸಿಲು, ನೀರಿನ ಲೆಕ್ಕ ಕೇಳಿದ ಮೇಲೆ ಹೂವನ್ನು ನಡುಗಿಸುವವರು ಯಾರಾದರೂ ಬರುತ್ತಿದ್ದಾರಾ ಎಂದೂ ಕೇಳಿ. (ಸೋರೆ, ಹೀರೆಯ ವಿಷಯ ಬೇರೆ. ಅವು ಅರಳುವುದೇ ಸಂಜೆಗೆ. ಹಗಲೆಲ್ಲ ಜೇನು ಕಾದು ಪ್ರಯೋಜನವಿಲ್ಲ, ಪತಂಗ ಬರಬೇಕು, ಇಲ್ಲವೇ ನೀವೇ ಗಂಡುಹೂ ಕಿತ್ತು ಪುಟ್ಟ ಕಾಯಿ ಹೊತ್ತ ಹೆಣ್ಣುಹೂವಿಗೆ ಸವರಬೇಕು.) ತಂಗಡಿಯ ಎಲೆ ತಿಂದು ಬೆಳೆಯುವುದು ಹಳದಿ ಮತ್ತು ಬಿಳಿಹಸಿರು ಚಿಟ್ಟೆಗಳ ಮರಿ.

ತಂಗಡಿ ಬೀಜದ ಹೊಟ್ಟು ಗಟ್ಟಿ. ಹಾಗೇ ಬಿತ್ತಿ, ಒಂದೂ ಹುಟ್ಟಲಿಲ್ಲ ಎಂದು ದೂರುವವರೇ ಜಾಸ್ತಿ. ಬೀಜದ ಒಂದು ಬದಿಯನ್ನು ಉಪ್ಪುಕಾಗದದ ಮೇಲೆ ನಾಲ್ಕು ಸಲ ಉಜ್ಜಿ, ಅಥವಾ ಕುದಿಸಿ ಇಳಿಸಿದ ಬಿಸಿನೀರು ಹೊಯ್ದು ಹಾಗೇ ರಾತ್ರಿ ನೆನೆಯಲು ಬಿಡಿ. ಬೆಳಗ್ಗೆ ಉಬ್ಬಿದ್ದನ್ನು ಬಿತ್ತಿ, ಉಬ್ಬದ್ದನ್ನು ಮತ್ತೊಮ್ಮೆ ಉಜ್ಜಿ. ಒಂದು ಸೆಂಟಿಮೀಟರ್ ಆಳ ಸಾಕು. ತುಂಬೆ ಬೀಜದ್ದು ಇದರ ತದ್ವಿರುದ್ಧ: ಸಣ್ಣದು, ಹೂತರೆ ಸತ್ತಂತೆ. ಒಂದು ಹಿಡಿ ಮರಳಿಗೆ ಒಂದು ಚಿಟಿಕೆ ಬೀಜ ಬೆರೆಸಿ ಒದ್ದೆ ಮಣ್ಣಿನ ಮೇಲೆ ಎರಚಿ, ಅಂಗೈಯಲ್ಲಿ ಮೆಲ್ಲಗೆ ತಟ್ಟಿದರೆ ಮುಗಿಯಿತು.

ತುಂಬೆಯನ್ನು ಯಾವ ನರ್ಸರಿಯೂ ಸಾಕುವುದಿಲ್ಲ, ಕೇಳಿದರೆ ನಗುತ್ತಾರೆ. ಶಿವರಾತ್ರಿಯ ಹಿಂದಿನ ದಿನ ಮಾತ್ರ ಅದರ ಬಿಳಿ ಹೂ ಎಲ್ಲಿ ಸಿಗುತ್ತದೆ ಎಂದು ಊರೆಲ್ಲ ಹುಡುಕುತ್ತದೆ. ಬೆಂಗಳೂರಿನ ಸುತ್ತಮುತ್ತ ಜೇನಿಗೆ ಸುಗ್ಗಿ ಇರುವುದು ಹೊಂಗೆ, ಬೇವು, ನೇರಳೆ ಹೂಬಿಡುವ ಫೆಬ್ರವರಿಯಿಂದ ಮೇವರೆಗಿನ ತಿಂಗಳುಗಳಲ್ಲಿ. ಮಳೆ ಹಿಡಿದ ಮೇಲೆ ಬರಗಾಲ. ಆ ಬರಗಾಲದ ಕೊನೆಗೆ, ಮೊಣಕಾಲೆತ್ತರದಲ್ಲಿ ಅರಳಿ ನಿಲ್ಲುವ ತುಂಬೆ ಕೋಲುಜೇನು, ಮುಜಂಟಿ, ಸಣ್ಣ ಚಿಟ್ಟೆಗಳ ಪಾಲಿಗೆ ಅಂಗಡಿ ತೆರೆದ ಹಾಗೆ. ತುಳಸಿಯದ್ದೂ ಇದೇ ಪಾತ್ರ. ಕದಿರು ಬಂದ ಕೂಡಲೇ ಚಿವುಟಬೇಕು, ಇಲ್ಲದಿದ್ದರೆ ಗಿಡ ಮುದಿಯಾಗುತ್ತದೆ ಎಂಬ ಮಾತು ತಪ್ಪಲ್ಲ. ಆದ್ದರಿಂದ ರಾಜಿ ಹೀಗೆ ಮಾಡಿಕೊಳ್ಳಿ: ಬೃಂದಾವನದ ತುಳಸಿಯನ್ನು ಚಿವುಟಿ, ಪಕ್ಕದಲ್ಲಿ ಇನ್ನೊಂದು ಕುಂಡದ್ದನ್ನು ಹೂವಿಗೆ ಬಿಡಿ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಆಡುಸೋಗೆ ಕಡ್ಡಿ ನೆಟ್ಟರೆ ಬರುತ್ತದೆ, ಮೇಕೆ ಮುಟ್ಟುವುದಿಲ್ಲ, ಬೇಲಿಗೆ ಹೇಳಿಮಾಡಿಸಿದ್ದು. ಮುಳ್ಳುಗೋರಂಟಿಯನ್ನು ಕೇಳುವಾಗ ‘ಮುಳ್ಳು’ ಎಂದು ಒತ್ತಿ ಹೇಳಿ, ಇಲ್ಲದಿದ್ದರೆ ಗೋರಂಟಿ ಎಂದು ಮದರಂಗಿ ಗಿಡ ಕೊಟ್ಟು ಕಳಿಸುತ್ತಾರೆ. ಕೇಪಳದ ಉದ್ದ ಕೊಳವೆಯ ಹೂ ದೊಡ್ಡ ಚಿಟ್ಟೆಗಳಿಗೆ. ದಾಸವಾಳದಲ್ಲಿ ಐದೆಸಳಿನದ್ದನ್ನೇ ಆರಿಸಿ. ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳಾಗಿರುವುದರಿಂದ ನೋಡಲಿಕ್ಕೆ ಚೆಂದ, ತಿನ್ನಲಿಕ್ಕೆ ಏನೂ ಇಲ್ಲ. ಒಣಕಾಯಿ ಅಲುಗಿಸಿದರೆ ಗಿಲಿಗಿಲಿ ಸದ್ದು ಮಾಡುವ ಗಿಜಿಗಿಜಿ ಗಿಡವನ್ನು ಒಣಗಿದ ಮೇಲೂ ಕೀಳಬೇಡಿ. ಮುಂಗಾರಿನ ಮುಂಚೆ ಮತ್ತು ಹಿಂಗಾರಿನ ಹೊತ್ತಿಗೆ ಬೆಂಗಳೂರಿನ ಮೇಲೆ ಹಿಂಡುಹಿಂಡಾಗಿ ವಲಸೆ ಹೋಗುವ ಬ್ಲೂ ಟೈಗರ್ ಚಿಟ್ಟೆಗಳ ಗಂಡುಗಳು ಆ ಒಣಕಡ್ಡಿಗೆ ಮುತ್ತಿಕೊಂಡು ರಸ ಹೀರುತ್ತವೆ. ಅದರಲ್ಲಿರುವ ಕಹಿ ವಸ್ತುವಿನಿಂದಲೇ ಹೆಣ್ಣನ್ನು ಸೆಳೆಯುವ ಗಂಧ ತಯಾರಾಗುತ್ತದೆ. ದನಗಳಿಗೆ ಮಾತ್ರ ಆ ಗಿಡ ವಿಷ, ಹಸು ಮೇಯುವ ಜಾಗದಲ್ಲಿ ಬೇಡ.

ಈಶ್ವರಿ ಬಳ್ಳಿ ಬೆಳೆಸುವವರು ತಾಳ್ಮೆ ಇಟ್ಟುಕೊಳ್ಳಬೇಕು. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳ ಮರಿಗೆ ಇದೇ ಊಟ. ಒಂದೇ ಬಳ್ಳಿ ನೆಟ್ಟರೆ ಹುಳ ಅದನ್ನು ಬುಡದವರೆಗೆ ಬೋಳಿಸಿ, ಆಮೇಲೆ ತಾನೂ ಹಸಿವಿನಿಂದ ಸಾಯುತ್ತದೆ. ನಾಲ್ಕು ಬಳ್ಳಿ ಇಲ್ಲದೆ ಶುರುಮಾಡಬೇಡಿ. ಮೊದಲ ವರ್ಷ ಸೊಳ್ಳೆಪರದೆಯ ಬಟ್ಟೆ ಮುಚ್ಚಿ ಬೆಳೆಸಿ. ಕಾಯಿ ಒಡೆದರೆ ತೆಳ್ಳನೆಯ ಬೀಜಗಳು ಗಾಳಿಪಾಲು, ಹಳದಿಗೆ ತಿರುಗುವಾಗಲೇ ತೆಳುಬಟ್ಟೆ ಕಟ್ಟಿಬಿಡಿ. ಇನ್ನೊಂದು ತಮಾಷೆ ನೋಡಿ. ಈ ಬಳ್ಳಿ ತಿಂದು ವಿಷವಾದ ಕಾಮನ್ ರೋಸ್ ಚಿಟ್ಟೆಯ ವೇಷವನ್ನೇ, ಕರಿಬೇವು ತಿಂದು ಬೆಳೆದ ಕಾಮನ್ ಮಾರ್ಮನ್‌ನ ಕೆಲವು ಹೆಣ್ಣುಗಳು ಧರಿಸುತ್ತವೆ, ಹಕ್ಕಿ ಹೆದರಲಿ ಎಂದು. ಬಳ್ಳಿ ಇಲ್ಲದ ಬಡಾವಣೆಯಲ್ಲಿ ಆ ವೇಷಕ್ಕೆ ಹೆದರುವ ಹಕ್ಕಿಯೂ ಇರಲಾರದು.

ಇನ್ನು ಪಾರ್ಕಿನ ಕೆಲಸ. ಇಲ್ಲಿ ಸೋಲುವುದು ಗಿಡದಿಂದಲ್ಲ, ಕಳೆಗುದ್ದಲಿಯಿಂದ. ಭಾನುವಾರ ಹತ್ತು ಜನ ಸೇರಿ ನೆಟ್ಟು, ಫೋಟೋ ಹಾಕಿ ಹೋಗುತ್ತಾರೆ. ಬುಧವಾರ ಮಾಲಿ ಬಂದು ಶ್ರದ್ಧೆಯಿಂದ ಎಲ್ಲವನ್ನೂ ಕಿತ್ತು ಮಂಕರಿಗೆ ತುಂಬುತ್ತಾರೆ. ಅವರ ತಪ್ಪೇನು? ಪಾರ್ಕಿನಲ್ಲಿ ತುಂಬೆ, ಉತ್ತರಾಣಿ ಕಂಡರೆ ಕೆಲಸ ಸರಿಯಿಲ್ಲ ಎಂದು ಬೈಸಿಕೊಳ್ಳುವವರು ಅವರೇ. ಅದಕ್ಕೇ ಮೊದಲ ದಿನದ ಮೊದಲ ಮಾತು ಮಾಲಿಯ ಜೊತೆ ಆಗಬೇಕು, ಸಂಘದ ಅಧ್ಯಕ್ಷರ ಜೊತೆಗಿನದು ಆಮೇಲೆ. ಬೆಂಗಳೂರಿನಲ್ಲಿ ಈ ಕೆಲಸದಲ್ಲಿರುವ ಅನೇಕರ ಮನೆಮಾತು ತೆಲುಗು, ತಮಿಳು. ತುಂಬೆ ಅಂದರೆ ತೆಲುಗರಿಗೆ ತುಮ್ಮಿ, ತಮಿಳರಿಗೆ ತುಂಬೈ. ತಂಗಡಿ ತೆಲುಗಿನಲ್ಲಿ ತಂಗೇಡು, ಆವರಿಕೆ ತಮಿಳಿನಲ್ಲಿ ಆವಾರಂ. ಹೆಸರು ಹೇಳಿದ ಕೂಡಲೇ ‘ಓ, ಅದಾ ಸಾರ್’ ಎಂದು ಮುಖ ಅರಳುತ್ತದೆ. ನಮಗೆ ಗೊತ್ತಿಲ್ಲದ ಉಪಯೋಗ ಎರಡು ಅವರೇ ಹೇಳುತ್ತಾರೆ. ಪಾತಿಯ ಸುತ್ತ ಇಟ್ಟಿಗೆ ಸಾಲು ಇಡಿ. ಅಂಚು ನೇರವಾಗಿದ್ದರೆ ಒಳಗಿನದು ಕಾಡು ಬೆಳೆದದ್ದಲ್ಲ, ಬೆಳೆಸಿದ್ದು ಎಂದು ನೋಡುವವರಿಗೂ ಅನ್ನಿಸುತ್ತದೆ. ಕನ್ನಡದಲ್ಲಿ ದೊಡ್ಡಕ್ಷರದ ಬೋರ್ಡು ಇರಲಿ: ಗಿಡದ ಹೆಸರು, ಬರುವ ಚಿಟ್ಟೆ, ‘ಎಲೆ ತೂತಾಗಿದ್ದರೆ ಒಳ್ಳೆಯದೇ’. ಗುತ್ತಿಗೆ ಬದಲಾದಾಗ ಮಾಲಿಯೂ ಬದಲಾಗುತ್ತಾರೆ, ಆಗ ಮತ್ತೆ ಮೊದಲಿನಿಂದ ಹೇಳಬೇಕು. ಬೇಸರ ಪಟ್ಟುಕೊಂಡರೆ ಆಗದ ಕೆಲಸ.

ಶುರುವಿಗೆ ಹತ್ತಡಿ ಉದ್ದ, ಹತ್ತಡಿ ಅಗಲ ಸಾಕು. ಹಿಂದೆ ನಾಲ್ಕಡಿ ಅಂತರದಲ್ಲಿ ಎರಡು ತಂಗಡಿ, ಮೂಲೆಗೊಂದು ಎಕ್ಕ, ಒಂದು ಬದಿಗೆ ಎರಡು ಆಡುಸೋಗೆ, ನಡುವೆ ನಾಲ್ಕು ಮುಳ್ಳುಗೋರಂಟಿ, ಮುಂದೆ ಆರು ಗಿಜಿಗಿಜಿ, ಉಳಿದ ಜಾಗಕ್ಕೆ ತುಂಬೆ ಎರಚುವುದು. ಒಂದೊಂದು ಜಾತಿಯನ್ನು ಒಟ್ಟಿಗೇ ನೆಡಿ. ಜೇನು ಒಂದು ಸುತ್ತಿನಲ್ಲಿ ಒಂದೇ ಜಾತಿಯ ಹೂವನ್ನು ಹಿಡಿದು ಹೋಗುತ್ತದೆ, ಅಲ್ಲೊಂದು ಇಲ್ಲೊಂದು ಇದ್ದರೆ ಅದಕ್ಕೆ ಅಲೆದಾಟ. ಗುಂಡಿ ಒಂದಡಿ ಆಳ, ಒಂದಡಿ ಅಗಲ. ಗೊಬ್ಬರ ಒಂದೇ ಹಿಡಿ. ಕುರಿಗೊಬ್ಬರ ಸುರಿದರೆ ಗಿಡ ಕೊಬ್ಬಿ ಎಲೆಯೇ ಎಲೆ, ಹೂವಿಲ್ಲ. ಎರಡು ಮೂರು ಒಳ್ಳೆ ಮಳೆ ಬಿದ್ದ ಮೇಲೆ, ಜೂನ್ ಕೊನೆಯಿಂದ ಜುಲೈವರೆಗೆ ನೆಡುವುದು ಸರಿ. ಪರಿಸರ ದಿನ ಜೂನ್ 5ಕ್ಕೆ ಬರುತ್ತದೆಂದು ಮಳೆಯೇನೂ ಕ್ಯಾಲೆಂಡರ್ ನೋಡಿ ಬರುವುದಿಲ್ಲ. ನಾಟಿ ಗಿಡಕ್ಕೆ ನೀರೇ ಬೇಡ ಎಂಬ ಮಾತನ್ನು ನಂಬಿ ಮೊದಲ ಬೇಸಿಗೆಯಲ್ಲಿ ಕೈಬಿಟ್ಟ ಗಿಡಗಳು ಲೆಕ್ಕವಿಲ್ಲದಷ್ಟು ಸತ್ತಿವೆ. ಆ ಒಂದು ಬೇಸಿಗೆ ವಾರಕ್ಕೆರಡು ಸಲ, ಗಿಡಕ್ಕೆ ಎರಡು ಮೂರು ಲೀಟರ್ ಕೊಡಲೇಬೇಕು.

ತಾರಸಿಗಾದರೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನನಾರಿನ ಪುಡಿ. ಹನ್ನೆರಡು ಇಂಚಿನ ಗ್ರೋಬ್ಯಾಗಿಗೆ ಸುಮಾರು ಹದಿನೆಂಟು ಲೀಟರ್ ಮಣ್ಣು ಹಿಡಿಯುತ್ತದೆ. ನೆನೆದಾಗ ಅದರ ತೂಕ ಇಪ್ಪತ್ತೈದು ಕಿಲೋ ಮುಟ್ಟುವುದರಿಂದ, ಚೀಲಗಳನ್ನು ತಾರಸಿಯ ನಡುವೆ ಗುಡ್ಡೆ ಹಾಕದೆ ತೊಲೆ, ಗೋಡೆಗಳ ಮೇಲೆ ಬರುವಂತೆ ಅಂಚಿಗೆ ಜೋಡಿಸಿ.

ಬೀಜ ಸಿಗುವುದು ಅಕ್ಟೋಬರಿನಿಂದ ಜನವರಿಯವರೆಗೆ, ಖಾಲಿ ಸೈಟುಗಳಲ್ಲಿ. ಸೈಟು ಚೊಕ್ಕಟ ಮಾಡಿ ಎಂದು ಪಾಲಿಕೆ ಹೇಳಿದಾಗ ಜೆಸಿಬಿ ಬಂದು ಒಂದೇ ಬೆಳಗ್ಗೆ ಎಲ್ಲ ಬೋಳಾಗುತ್ತದೆ, ಅದಕ್ಕಿಂತ ಮುಂಚೆ ಹೋಗಬೇಕು. ಒಂದೇ ಗಿಡದಿಂದ ಬಾಚದೆ ಹತ್ತಾರು ಗಿಡಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ತುರಹಳ್ಳಿ, ಬನ್ನೇರುಘಟ್ಟದಂಥ ಕಾಡುಗಳಿಗೆ ಚೀಲ ಹಿಡಿದು ಹೋಗಬಾರದು. ನೆರಳಿನಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಉಳಿದ ತೇವಕ್ಕೆ ಬೂಸು ಹಿಡಿಯುತ್ತದೆ.

ಹೂವಿನಷ್ಟೇ ಮುಖ್ಯ, ಬರೀ ಮಣ್ಣು. ಜಗತ್ತಿನಲ್ಲಿ ಸುಮಾರು 20,000 ಜಾತಿಯ ಜೇನ್ನೊಣಗಳಿವೆ, ಅವುಗಳಲ್ಲಿ ಹೆಚ್ಚಿನವು ಗೂಡು ತೋಡುವುದು ನೆಲದಲ್ಲಿ. ಉತ್ಸಾಹಿಗಳು ಪಾತಿಗೆಲ್ಲ ತರಗೆಲೆ, ತೆಂಗಿನನಾರು ಮುಚ್ಚಿಬಿಡುತ್ತಾರೆ. ಒಳ್ಳೆಯದೇ, ಆದರೆ ಬಿಸಿಲು ಬೀಳುವ ಎರಡಡಿ ಜಾಗವನ್ನು ಬೋಳಾಗಿಯೇ ಉಳಿಸಿ. ಒಂಟಿಜೇನುಗಳಿಗೆ ಬಿದಿರಿನ ಗೂಡು ಕಟ್ಟುವುದಾದರೆ ನಾಲ್ಕರಿಂದ ಹತ್ತು ಮಿಲಿಮೀಟರ್ ತೂತಿನ, ಆರಿಂಚು ಉದ್ದದ, ಒಂದು ತುದಿಯಲ್ಲಿ ಗೆಣ್ಣು ಮುಚ್ಚಿರುವ ತುಂಡುಗಳು ಬೇಕು. ಸೂರಿನ ಕೆಳಗೆ, ಪೂರ್ವಕ್ಕೆ ಮುಖಮಾಡಿ, ಅಲುಗಾಡದಂತೆ ಕಟ್ಟಿ. ಪ್ಲಾಸ್ಟಿಕ್ ಕೊಳವೆಯೊಳಗೆ ತೇವ ನಿಂತು ಮರಿ ಕೊಳೆಯುತ್ತದೆ. ಮರಿ ಹೊರಬಂದ ತುಂಡುಗಳನ್ನು ವರ್ಷಕ್ಕೊಮ್ಮೆ ಬದಲಿಸದಿದ್ದರೆ ನುಸಿ, ಪರಾವಲಂಬಿಗಳು ಸೇರಿಕೊಂಡು ಗೂಡು ಬೋನಾಗುತ್ತದೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಎರಡು ದಿನಕ್ಕೊಮ್ಮೆ ಚೆಲ್ಲಿ ಹೊಸನೀರು ತುಂಬಿ, ಸೊಳ್ಳೆಗೆ ಅವಕಾಶ ಕೊಡಬೇಡಿ.

ಅಪಾರ್ಟ್‌ಮೆಂಟ್ ಸಭೆಯಲ್ಲಿ ಖಂಡಿತ ಏಳುವ ಪ್ರಶ್ನೆ: ಹೂವಿನ ಗಿಡ ಹಾಕಿದರೆ ಹೆಜ್ಜೇನು ಕಟ್ಟುವುದಿಲ್ಲವೇ? ಹೆಜ್ಜೇನು ಮೇವಿಗಾಗಿ ಕಿಲೋಮೀಟರುಗಟ್ಟಲೆ ಹಾರುತ್ತದೆ. ಅದು ಗೂಡಿಗೆ ಹುಡುಕುವುದು ಎತ್ತರದ ಚಾಚು, ಅಂದರೆ ಹತ್ತನೇ ಮಹಡಿಯ ಬಾಲ್ಕನಿಯ ತಳ, ಬುಡದಲ್ಲಿ ತುಂಬೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕಟ್ಟಿದ್ದರೆ ರಾತ್ರಿ ಆ ಬದಿಯ ದೀಪ ಆರಿಸಿ, ಹೊಗೆ ಹಾಕಬೇಡಿ. ಕೆಲವು ತಿಂಗಳಲ್ಲಿ ತಾನಾಗಿ ಎದ್ದು ಹೋಗುತ್ತದೆ. ಒಂಟಿಜೇನುಗಳು ಕೈಯಲ್ಲಿ ಅಮುಕಿದರೆ ಹೊರತು ಚುಚ್ಚುವುದು ಅಪರೂಪ.

ಔಷಧಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ. ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕವನ್ನು ಬುಡಕ್ಕೆ ಹಾಕಿದರೂ ಗಿಡದ ರಸದಲ್ಲಿ ಸೇರಿ ಮಕರಂದಕ್ಕೂ ಪರಾಗಕ್ಕೂ ಬರುತ್ತದೆ. ನರ್ಸರಿಯಿಂದ ತಂದ ಗಿಡಕ್ಕೆ ಏನು ಹೊಡೆದಿದ್ದರು ಎಂದು ಕೇಳಿ, ಉತ್ತರ ಸಿಗದಿದ್ದರೆ ಬಂದ ಮೊಗ್ಗುಗಳನ್ನು ಕೆಲವು ವಾರ ಚಿವುಟಿಬಿಡಿ. ಬೇವಿನೆಣ್ಣೆ ನಾಟಿ ಮದ್ದೆಂಬ ಕಾರಣಕ್ಕೆ ಸಾಧುವಲ್ಲ, ಚಿಟ್ಟೆಮರಿಯನ್ನೂ ಕೊಲ್ಲುತ್ತದೆ. ಬಿಳಿಹಿಟ್ಟು ತಿಗಣೆ ಬಿದ್ದ ಕೊಂಬೆಗೆ ಮಾತ್ರ, ಸಂಜೆ ಹೊತ್ತು, ಬಟ್ಟೆಯಲ್ಲಿ ಅದ್ದಿ ಒರೆಸಿ. ಕರಿಬೇವಿನ ಗಿಡ ಪೂರ್ತಿ ಬೋಳಾಗುವಂತಿದ್ದರೆ ಹುಳವನ್ನು ಎಲೆಸಮೇತ ಚಿವುಟಿ ಪಕ್ಕದ ಮನೆಯ ದೊಡ್ಡ ಗಿಡಕ್ಕೆ ಸಿಕ್ಕಿಸಿ. ಒಗ್ಗರಣೆಗೆ ಮತ್ತೆ ಚಿಗುರು ಬರುತ್ತದೆ.

ಚಳಿ ಕಳೆಯುವ ಹೊತ್ತಿಗೆ ರಥಸಪ್ತಮಿ ಬರುತ್ತದೆ. ತಲೆ, ಭುಜದ ಮೇಲೆ ಎಕ್ಕದೆಲೆ ಇಟ್ಟುಕೊಂಡು ಸ್ನಾನ ಮಾಡಲು ಮನೆಮಂದಿಗೆಲ್ಲ ಏಳೇಳು ಎಲೆ ಬೇಕು. ಹಿಂದಿನ ಸಂಜೆ ಪಾರ್ಕಿನ ಆ ಒಂದು ಎಕ್ಕಕ್ಕೆ ಬೀದಿಯೆಲ್ಲ ಕೈಹಾಕುತ್ತದೆ. ತಡೆಯುವುದು ಬೇಡ, ಪೂಜೆಗೆ ಬಂದ ಗಿಡವೇ ಊರಿನಲ್ಲಿ ಉಳಿಯುವುದು. ಹತ್ತಿರ ನಿಂತಿದ್ದು, ಕೀಳುವ ಮುಂಚೆ ಎಲೆ ಮಗುಚಿ ನೋಡಿ ಅಮ್ಮಾ ಅನ್ನಿ. ಅಡಿಯಲ್ಲಿ ಒಂದು ಬಿಳಿ ಚುಕ್ಕೆಯಿದ್ದರೆ ಪಕ್ಕದೆಲೆ ಕಿತ್ತುಕೊಳ್ಳಲಿ.